ಎಲ್ಲವನ್ನೂ ‘ನಿದ್ದಿ ಗುಳಿಗಿ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಆರೋಗ್ಯ ಪುಟದಲ್ಲಿ ನಿದ್ರೆ ಮಾತ್ರೆಗಳ ಚಟದ ಬಗ್ಗೆ ಲೇಖನ ಬಂದಿತ್ತು. ಬರೆದವರ ಕಳಕಳಿ ನಿಜವಾದದ್ದು. ಆದರೆ ಅವರು ಅಲ್‌ಪ್ರಜೋಲಮ್, ಅಮಿಟ್ರಿಪ್ಟಿಲಿನ್, ಮಿರ್ಟಾಜಪಿನ್ ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ‘ಚಟ ಹಿಡಿಸುವ ನಿದ್ರೆ ಮಾತ್ರೆಗಳು’ ಎಂದಿದ್ದರು. ಮೊದಲನೆಯದು ಹೆದರಿಕೆ ಇಳಿಸುವ, ಚಟ ಹಿಡಿಸುವ ಗುಳಿಗೆ; ಉಳಿದೆರಡು ಖಿನ್ನತೆಯ ಔಷಧಗಳು, ಜಾತಿಯೇ ಬೇರೆ. ಲೇಖನದ ಆ ಸಾಲಿನಿಂದ ನಮ್ಮ ಓಣಿಯಲ್ಲಿ ಏನಾಯಿತು ಎಂದು ಹೇಳಲು ಈ ಪತ್ರ.

ನಮ್ಮ ಎದುರು ಮನೆಯಲ್ಲಿ ಕೈಮಗ್ಗ ನೇಯುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಊಟ ಬಿಟ್ಟು, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳಿಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಒಂದೆರಡು ತಿಂಗಳಿಗೆಲ್ಲ ಅವರ ಮನೆಯಿಂದ ಮಗ್ಗದ ಸಪ್ಪಳ ಮತ್ತೆ ಕೇಳತೊಡಗಿತ್ತು. ನಿಮ್ಮ ಲೇಖನ ಬಂದ ಮರುದಿನ ಬಂದು, ‘ಅಕ್ಕೋರ, ಅವು ಚಟಾ ಹತ್ತೋ ಗುಳಿಗಿ ಅಂತ್ರಿ, ಪೇಪರ್‌ನ್ಯಾಗ ಬಂದೈತಿ. ಒಗದಬಿಟ್ಟೆ’ ಎಂದಳು. ನಾಲ್ಕು ದಿನಕ್ಕೆ ಹೊಟ್ಟೆ ತೊಳಸು, ಕೆಟ್ಟ ಕನಸು ಶುರುವಾದವು. ಮೂರನೇ ವಾರ ಮಗ್ಗ ಮತ್ತೆ ನಿಂತಿತು.

ಈ ಎರಡೂ ಜಾತಿಯ ಗುಳಿಗೆಗಳನ್ನು ನಾನು ನುಂಗಿದ್ದೇನೆ, ಅದಕ್ಕೇ ಸುಮ್ಮನಿರಲಾಗಲಿಲ್ಲ. 2019ರಲ್ಲಿ ನಮ್ಮ ಮನೆಯವರು ತೀರಿಕೊಂಡರು. ರಾತ್ರಿಯೆಲ್ಲ ಎದೆ ಡವಡವ ಎನ್ನುತ್ತಿತ್ತು. ಇಲ್ಲಿಯ ಡಾಕ್ಟರೊಬ್ಬರು ಅಲ್‌ಪ್ರಜೋಲಮ್ ಬರೆದುಕೊಟ್ಟು ಹತ್ತು ದಿನ ತೆಗೆದುಕೊಳ್ಳಿ ಎಂದರು. ನುಂಗಿ ಅರ್ಧ ತಾಸಿಗೆಲ್ಲ ಎದೆಯ ಮೇಲಿನ ಕಲ್ಲು ಇಳಿಸಿದಂತಾಗುತ್ತಿತ್ತು. ಆ ಸುಖಕ್ಕಾಗಿ ಹತ್ತು ದಿನದ್ದನ್ನು ಎರಡು ವರ್ಷ ಮುಂದುವರಿಸಿದೆ. ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಔಷಧ ಅಂಗಡಿಯಲ್ಲಿ ಅದೇ ಹಳೆಯ ಚೀಟಿ ತೋರಿಸುತ್ತಿದ್ದೆ, ಅವರೂ ಕೊಡುತ್ತಿದ್ದರು. ಅಲ್‌ಪ್ರಜೋಲಮ್ ಎಚ್‌1 ಶೆಡ್ಯೂಲಿನ, ಅಂದರೆ ಡಾಕ್ಟರ ಚೀಟಿ ಇದ್ದರಷ್ಟೇ ಮಾರಬೇಕಾದ ಕಟ್ಟುನಿಟ್ಟಿನ ಪಟ್ಟಿಯ ಔಷಧ. 2014ರಿಂದ ಇರುವ ನಿಯಮದಂತೆ ಅಂಗಡಿಯವರು ರೋಗಿಯ ಹೆಸರು, ಬರೆದುಕೊಟ್ಟ ವೈದ್ಯರ ಹೆಸರು, ಕೊಟ್ಟ ಗುಳಿಗೆಯ ಲೆಕ್ಕ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಎರಡು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಕೇಳಲಿಲ್ಲ.

ಕೊನೆಗೆ ತಮ್ಮ ಬೈದನೆಂದು ಒಂದೇ ದಿನಕ್ಕೆ ಬಿಟ್ಟೆ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೈ ನಡುಗಿ ಚಹಾದ ಕಪ್ಪು ಹಿಡಿಯಲಾಗಲಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳುತ್ತಿದ್ದೆ. ತಮ್ಮನೇ ಅಣ್ಣಿಗೇರಿ, ಹುಬ್ಬಳ್ಳಿ ದಾಟಿಸಿ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರೆದೊಯ್ದ. ಹೀಗೆ ಥಟ್ಟನೆ ಬಿಟ್ಟರೆ ಫಿಟ್ಸ್ ಬರುವುದೂ ಉಂಟು ಎಂದು ಅಲ್ಲಿಯ ವೈದ್ಯರು ಹೇಳಿದಾಗ ತಮ್ಮನ ಮುಖ ಸಪ್ಪಗಾಯಿತು. ಗುಳಿಗೆಯನ್ನು ಮತ್ತೆ ಶುರು ಮಾಡಿಸಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದು, ಬಿಡಿಸಲು ಐದು ತಿಂಗಳು ಹಿಡಿಯಿತು. ಜೊತೆಗೆ ರಾತ್ರಿಗೊಂದು ಮಿರ್ಟಾಜಪಿನ್ ಕೊಟ್ಟರು. ಅದನ್ನು ನುಂಗಿದರೂ ನಿದ್ದೆ ಬರುತ್ತಿತ್ತು. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರೇನ್ರಿ?’ ಎಂದು ಕೇಳಿಯೇಬಿಟ್ಟೆ.

ಆ ಡಾಕ್ಟರು ಪುಣ್ಯಾತ್ಮರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಕೂರಿಸಿಕೊಂಡು ಹೇಳಿದರು. ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ಬಂಡಿಗೆ ಬ್ರೇಕ್ ಇದ್ದಂತೆ. ಅಲ್‌ಪ್ರಜೋಲಮ್, ಕ್ಲೋನಜಪಾಮ್, ಡಯಾಜಪಾಮ್ ಇವೆಲ್ಲ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತವೆ. ಆದ್ದರಿಂದಲೇ ಹೆದರಿಕೆ ತಾಸೊಪ್ಪತ್ತಿನಲ್ಲಿ ಇಳಿಯುತ್ತದೆ. ಕೆಲವೇ ವಾರಗಳಲ್ಲಿ ಮಿದುಳು ಅದಕ್ಕೆ ಒಗ್ಗಿಕೊಂಡು ತನ್ನ ಸ್ವಂತ ಬ್ರೇಕನ್ನು ಸಡಿಲ ಬಿಡುತ್ತದೆ. ಆಮೇಲೆ ಗುಳಿಗೆ ತಪ್ಪಿದರೆ ಬಂಡಿ ಇಳಿಜಾರಿಗೆ ಬಿದ್ದಂತೆ. ಸಾರಾಯಿಯ ಜೊತೆ ಸೇರಿದರೆ ಉಸಿರಿಗೇ ಬ್ರೇಕ್ ಬೀಳಬಹುದು.

ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಖಿನ್ನತೆಯ ಔಷಧಗಳು. ಅವು ನಿದ್ದೆ ಬರಿಸುವುದು ಮುಖ್ಯವಾಗಿ ಹಿಸ್ಟಮಿನ್ ತಡೆಯುವುದರಿಂದ. ನೆಗಡಿಯ ಗುಳಿಗೆ ನುಂಗಿದರೆ ಜೊಂಪು ಹತ್ತುತ್ತದಲ್ಲ, ಅದೇ ದಾರಿ. ನಿದ್ದೆ ಮೊದಲ ರಾತ್ರಿಯೇ ಬಂದರೂ ಮನಸ್ಸು ಮೇಲೇಳಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಲ್‌ಪ್ರಜೋಲಮ್‌ನಂತೆ ದಿನದಿನಕ್ಕೆ ಹೆಚ್ಚು ಬೇಡುವ ಹಂಬಲವನ್ನು ಇವು ಹುಟ್ಟಿಸುವುದಿಲ್ಲ. ಹಾಗೆಂದು ಒಮ್ಮೆಲೇ ಬಿಡುವಂತಿಲ್ಲ, ಇವನ್ನೂ ಇಳಿಸುತ್ತಲೇ ಬಿಡಬೇಕು. ಇವುಗಳ ಕಾಟ ಬೇರೆ ಥರದ್ದು. ಮಿರ್ಟಾಜಪಿನ್‌ನಿಂದ ನನಗೆ ಹಸಿವು ಹೆಚ್ಚಿ ನಾಲ್ಕು ಕಿಲೋ ತೂಕ ಏರಿತು. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಬಹುದು, ಥಟ್ಟನೆ ಎದ್ದರೆ ತಲೆ ತಿರುಗುತ್ತದೆ. ಒಮ್ಮೆಲೇ ಬಹಳ ನುಂಗಿದರೆ ಹೃದಯದ ಬಡಿತವೇ ತಪ್ಪಿ ಪ್ರಾಣಕ್ಕೆ ಅಪಾಯ. ಮಕ್ಕಳ ಕೈಗೆ ಸಿಗದಂತೆ ಇಡಲೇಬೇಕು.

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರಿಗೆ, ಅರೆತಲೆ ನೋವಿನವರಿಗೆ ಇದೇ ಅಮಿಟ್ರಿಪ್ಟಿಲಿನ್ ಅನ್ನು 10 ಮಿಲಿಗ್ರಾಮಿನಷ್ಟು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ನಮ್ಮ ಅತ್ತೆಯವರಿಗೂ ಕಾಲುರಿಗೆ ಅದನ್ನೇ ಕೊಟ್ಟಿದ್ದಾರೆ. ಅವರು ಊರಿಗೆ ಹೋದಾಗ ಅದು ಮುಗಿದು, ‘ಎಲ್ಲಾ ನಿದ್ದಿ ಗುಳಿಗೀನ ಅಲ್ಲೇನು’ ಎಂದು ನೆಂಟರೊಬ್ಬರ ಅಲ್‌ಪ್ರಜೋಲಮ್ ನುಂಗಿ, ನಸುಕಿನಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕಾಲುರಿಯೇನೂ ಕಡಿಮೆಯಾಗಲಿಲ್ಲ.

ಇನ್ನೊಂದು ತೊಡಕಿದೆ, ಇದನ್ನು ನಿಮ್ಮ ಲೇಖನ ಮುಟ್ಟಲೇ ಇಲ್ಲ. ಎರಡೂ ಜಾತಿಯ ಔಷಧವನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುತ್ತಾರೆ. ಅಮಿಟ್ರಿಪ್ಟಿಲಿನ್ ಜೊತೆ ಅಲ್‌ಪ್ರಜೋಲಮ್ ಜಾತಿಯ ಕ್ಲೋರ್‌ಡಯಾಜಪಾಕ್ಸೈಡ್, ಖಿನ್ನತೆಯದೇ ಇನ್ನೊಂದು ಔಷಧವಾದ ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಜಪಾಮ್. ಮೇಲಿನ ದೊಡ್ಡ ಅಕ್ಷರದ ಹೆಸರಿನಿಂದ ಅದು ತಿಳಿಯುವುದಿಲ್ಲ, ಹಾಳೆಯ ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನೇ ಓದಬೇಕು. ಮೂವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದ ನನಗೇ ಕನ್ನಡಕದ ಜೊತೆ ಭೂತಗನ್ನಡಿಯೂ ಬೇಕಾಯಿತು. ಮಗ್ಗದ ಮುಂದೆ ಕೂರುವ ಆ ತಾಯಿ ಓದುವುದು ಹೇಗೆ? ‘ಇದರಾಗ ಏನೈತಿ, ಎಷ್ಟು ದಿನ, ಬಿಡೂದು ಹ್ಯಾಂಗ’ ಎಂದು ಬರೆದುಕೊಟ್ಟ ಡಾಕ್ಟರನ್ನು ಕೇಳಲು ನಮ್ಮ ಹೆಣ್ಣುಮಕ್ಕಳು ಅಂಜಬಾರದು.

ಎದುರು ಮನೆಯವಳನ್ನು ಕಳೆದ ವಾರ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದ್ದಾರೆ. ಮನಸ್ಸು ತಿಳಿಯಾಗಲು ಇನ್ನು ವಾರಗಟ್ಟಲೆ ಕಾಯಬೇಕು. ಆ ಲೇಖನ ಬಂದ ಜಾಗದಲ್ಲಿಯೇ ದಯಮಾಡಿ ಒಂದು ತಿದ್ದುಪಡಿ ಹಾಕಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡುತ್ತಾರೆ. ನನ್ನಂತೆ ಮೂರು ರಾತ್ರಿ ಒಬ್ಬರೇ ಎದ್ದು ಕುಳಿತವರು ಇನ್ನೂ ಇದ್ದಾರು.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ
ಬೆಟಗೇರಿ, ಗದಗ