ವಿಷಯ: ‘ಡಾಲ್ಫಿನ್ ಸೇಫ್’ ಮುದ್ರೆಗೆ ದಾಖಲೆ ಎಲ್ಲಿದೆ?

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಫೋನಿನಲ್ಲಿ ಮರ್ಯಾದೆಯಾಗಿ ಕೇಳುವುದೆಲ್ಲ ಮುಗಿಯಿತು. ಹಾಗಾಗಿ ಈ ಪತ್ರ.

ನಾನು ಕೇಳಿದ್ದು ಇಷ್ಟೇ. ನಾನು ಕೊಂಡ, ‘ಡಾಲ್ಫಿನ್ ಸೇಫ್’ ಮುದ್ರೆಯಿರುವ ನಿಮ್ಮ ಡಬ್ಬಿಯ ಟ್ಯೂನಾ ಮೀನು ಹಿಡಿದ ಹಡಗಿನ ಕ್ಯಾಪ್ಟನ್, ‘ಡಾಲ್ಫಿನ್‌ಗಳ ಸುತ್ತ ಬೇಕಂತಲೇ ಪರ್ಸ್ ಸೀನ್ ಬಲೆ (ಮೀನಿನ ಹಿಂಡನ್ನು ಸುತ್ತುವರಿದು ತಳ ಬಿಗಿಯುವ ದೊಡ್ಡ ಬಲೆ) ಬಿಟ್ಟಿಲ್ಲ, ಈ ಮೀನು ಹಿಡಿಯುವಾಗ ಒಂದೂ ಡಾಲ್ಫಿನ್ ಸತ್ತಿಲ್ಲ’ ಅಂತ ಬರೆದುಕೊಟ್ಟಿದ್ದಾನಾ? ಈ ಮುದ್ರೆಗೆ ಷರತ್ತು ಹಾಕಿದ 1990ರ ಅಮೆರಿಕದ ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನಿಮ್ಮ ಹುಡುಗ ಕೇಳಿದ: “ಡಬ್ಬಿಯಲ್ಲಿ ಡಾಲ್ಫಿನ್ ಸಿಕ್ಕಿತಾ ಸರ್?” ಇಲ್ಲ ಅಂದೆ. “ಹಾಗಾದ್ರೆ ಸೇಫ್ ಅಲ್ವಾ?” ನಾನು ಬಲೆಯ ವಿಷಯ ಕೇಳ್ತಿದ್ದೇನೆ ಅಂದೆ. “ಡಬ್ಬಿ ಮೇಲೆ ಡಾಲ್ಫಿನ್ ಚಿತ್ರ ಇದೆಯಾ?” ಇದೆ. “ಪಕ್ಕದಲ್ಲಿ ಏನಿದೆ, ಓದಿ.” ಓದಿದೆ. “ಸ್ವಲ್ಪ ಜೋರಾಗಿ ಸರ್.” ಜೋರಾಗಿಯೂ ಓದಿದೆ. “ಅದೇ ಸರ್ ಉತ್ತರ.” ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ತುಂಬಾ ಹೊತ್ತು ಸಂಗೀತ. ಕೊನೆಗೆ ಒಂದು ಡಿಸ್ಕೌಂಟ್ ಕೂಪನ್, ಅದೂ ಅದೇ ಟ್ಯೂನಾಗೆ. ದೊಡ್ಡ ಮನಸ್ಸು ನಿಮ್ಮದು.

ಮೇಲಿನವರು ಫೋನಿಗೆ ಬಂದು, ಇದು ಪೂರ್ವ ಪೆಸಿಫಿಕ್‌ನ ಮೀನಲ್ಲ, ಚಿಂತೆ ಬೇಡ ಎಂದರು. ಟ್ಯೂನಾ ಹಿಂಡಿನ ಜೊತೆ ಡಾಲ್ಫಿನ್ ಈಜುವುದು ಮುಖ್ಯವಾಗಿ ಅಲ್ಲಿ ಅನ್ನುವ ಲೆಕ್ಕ. ಕ್ಯಾಪ್ಟನ್ ಹೇಳಿಕೆ ಬೇರೆ ಸಮುದ್ರಗಳಿಗೂ 2013ರಿಂದಲೇ ಬಂದಿದೆ, ಅಲ್ವಾ? 2016ರ ನಿಯಮದ ಪ್ರಕಾರ ಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆಯನ್ನೂ ನೀವು ಇಟ್ಟಿರಬೇಕು. ಅದನ್ನು ಗ್ರಾಹಕನಿಗೆ ತೋರಿಸಲೇಬೇಕು ಅಂತಿಲ್ಲ, ಒಪ್ಪಿದೆ. ‘ಇದೆ’ ಅನ್ನುವುದಕ್ಕೂ ಬಾಯಿ ಬರಲಿಲ್ಲವಲ್ಲ!

ನಿಮ್ಮ ಇಮೇಲ್ ಅಂತೂ ಇನ್ನೂ ಚೆನ್ನಾಗಿದೆ. ಅಮೆರಿಕದ ಈ ಮುದ್ರೆಯ ನಿಯಮದ ವಿರುದ್ಧ ಮೆಕ್ಸಿಕೋ 2008ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದ ಕೇಸು 2018ರ ಡಿಸೆಂಬರ್‌ನಲ್ಲಿ ಬಿದ್ದುಹೋಯಿತು, ಆದ್ದರಿಂದ ನಮ್ಮ ಮುದ್ರೆ ಸರಿಯಂತೆ. ನಡುವೆ 2017ರಲ್ಲಿ ಮೆಕ್ಸಿಕೋಗೆ ವರ್ಷಕ್ಕೆ 16.3 ಕೋಟಿ ಡಾಲರ್‌ವರೆಗೆ ಅಮೆರಿಕದ ಮೇಲೆ ಪ್ರತೀಕಾರದ ಸುಂಕಕ್ಕೆ ಒಪ್ಪಿಗೆ ಸಿಕ್ಕಿದ್ದನ್ನು ಜಾಣತನದಿಂದ ಬಿಟ್ಟಿದ್ದೀರಿ. ಇರಲಿ. ಅಲ್ಲಿ ಗೆದ್ದದ್ದು ಅಮೆರಿಕದ ತಿದ್ದಿದ ನಿಯಮ. ನಿಮ್ಮ ಡಬ್ಬಿಯನ್ನು ಆ ನ್ಯಾಯಾಧೀಶರು ಯಾರೂ ತೆರೆದು ನೋಡಿಲ್ಲ.

ಸುಳ್ಳು ಮುದ್ರೆ ಹಾಕಿದರೆ ಅದು, ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಕಾಯ್ದೆಯ 5ನೇ ಸೆಕ್ಷನ್ನಿನ ಉಲ್ಲಂಘನೆ. ಈ ಪತ್ರದ ಪ್ರತಿ, ಇಮೇಲ್, ಡಬ್ಬಿಯ ಫೋಟೋ ಮೂರೂ ಆ ಕಮಿಷನ್ನಿಗೆ ಹೋಗುತ್ತಿವೆ. ವಕೀಲರ ಜೊತೆಗೂ ಮಾತಾಡಿದ್ದೇನೆ. ಹಣ ವಾಪಸ್ ಕೊಡುತ್ತೇವೆ ಅಂತ ಸುಮ್ನೆ ಫೋನ್ ಮಾಡಬೇಡಿ. ನೀವು ಉತ್ತರ ಕೊಟ್ಟರೂ ದೂರು ವಾಪಸ್ ಪಡೆಯುವುದಿಲ್ಲ.

ಇತಿ,
ನಿಮ್ಮ ಮಾಜಿ ಗ್ರಾಹಕ