ಕಾಫಿ ತೋಟದ ಬೋರ್ಡ್ ಗೇಮ್ ಮಾಡುತ್ತಿರುವ ಗೆಳೆಯನಿಗೆ

ಹಾಸನ

ಪ್ರಿಯ ಗೆಳೆಯಾ,

ನೀನು ಕಳಿಸಿದ ನಿಯಮಗಳನ್ನೆಲ್ಲ ಓದಿದೆ. ಕಾಫಿ ಬಗ್ಗೆ ನಿನಗೆ ಎಷ್ಟು ಗೊತ್ತಿದೆ ಅನ್ನುವುದು ತಿಳಿಯಿತು. ಆಟ ಎಲ್ಲಿದೆ ಅಂತ ಮಾತ್ರ ಹುಡುಕಬೇಕಾಯಿತು. ಬೇಜಾರಾಗಬೇಡ ಮಾರಾಯ.

ಕಾಂಡಕೊರಕ ಹುಳ, ಎಲೆ ತುಕ್ಕು ರೋಗ, ಗೊಬ್ಬರ, ಬಟವಾಡೆ, ಆನೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್, ರೇಟು ಎಲ್ಲವನ್ನೂ ತುಂಬಿದ್ದೀಯ. ಒಂದೊಂದಕ್ಕೂ ಒಂದು ಕಾರ್ಡು. ‘ಕೊರಕ ಬಂತು, ಎರಡು ಗಿಡ ಕಳೆದುಕೊಳ್ಳಿ.’ ಸರಿ, ಕಳೆದುಕೊಂಡೆ. ನಾನು ಯೋಚನೆ ಮಾಡಬೇಕಾದದ್ದು ಏನಿದೆ ಅಲ್ಲಿ? ಹಾವು ಏಣಿಯಲ್ಲೂ ಅಷ್ಟೇ ಅಲ್ವಾ, ದಾಳ ಹೇಳಿದ ಕಡೆ ಹೋಗುವುದು.

ನನ್ನನ್ನು ಕೇಳಿದರೆ ಹೂಮಳೆ ಒಂದನ್ನೇ ಹಿಡಿದುಕೋ. ಮಾರ್ಚ್-ಏಪ್ರಿಲ್ ಹೊತ್ತಿಗೆ ಮಳೆ ಬಂದರೆ ಹೂವು. ಆಮೇಲೆ ಕೆಲವು ವಾರಕ್ಕೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ರೊಬಸ್ಟಾ ಕಾಫಿ ಇಟ್ಟವನು ಮಳೆಗೆ ಕಾಯಬೇಕಾ, ಡೀಸೆಲ್ ಸುಟ್ಟು ಸ್ಪ್ರಿಂಕ್ಲರ್ ಹಾಕಬೇಕಾ? ಹಾಕಿದ ಮಾರನೇ ದಿನವೇ ಮಳೆ ಬಂದರೆ ದುಡ್ಡು ದಂಡ. ಕಾದೂ ಬರದಿದ್ದರೆ ಫಸಲು ಹೋಯಿತು. ಕೆರೆಯಲ್ಲಿರುವ ನೀರು ಪಕ್ಕದ ತೋಟದವನಿಗೂ ಬೇಕು. ಇಷ್ಟರಲ್ಲೇ ನಾಲ್ಕು ಜನ ಜಗಳ ಆಡುವಷ್ಟು ಸರಕಿದೆ. ಆನೆಯನ್ನು ಸದ್ಯಕ್ಕೆ ಕಾಡಿಗೇ ಕಳಿಸು.

ಚೌಕಾಬಾರ ನೆನಪಿಸಿಕೋ. 25 ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಆ ನಿಯಮ ತೆಗೆದು ಆಡಿ ನೋಡು. ಎಲ್ಲರೂ ತಮ್ಮ ಪಾಡಿಗೆ ತಾವು ಸುತ್ತು ಹಾಕುತ್ತಾರೆ, ಹತ್ತಿರ ಬರಲು ಕಾರಣವೇ ಇರುವುದಿಲ್ಲ. ಕವಡೆ ಲೆಕ್ಕವೂ ಚಂದ. ಬೋರಲು, ಅಂಗಾತ ಬೀಳುವ ಸಾಧ್ಯತೆ ಸಮ ಅಂತ ಇಟ್ಟುಕೊಂಡರೆ 16ರಲ್ಲಿ 6 ಪಾಲು ಎರಡು ಬೀಳುತ್ತದೆ, ನಾಲ್ಕೂ ಬೋರಲಾದಾಗ ಸಿಗುವ ಎಂಟು ಒಂದೇ ಪಾಲು. ಹಾಗಾಗಿ ಎದುರಾಳಿಗಿಂತ ಎರಡು ಮನೆ ಮುಂದೆ ನಿಲ್ಲಲು ಭಯ. ನೀನು ಒಂದೇ ದಾಳ ಇಟ್ಟಿದ್ದೀಯ, ಆರೂ ಸಂಖ್ಯೆ ಸಮ. ಎರಡು ದಾಳ ಹಾಕಿ ಕೂಡಿಸು. ಆಗ 36ರಲ್ಲಿ 6 ಪಾಲು ಏಳು, ಹನ್ನೆರಡು ಒಂದೇ ಪಾಲು. ಮೊದಲ ವಾರ ಹನ್ನೆರಡು ಬಿದ್ದರೆ ಮಾತ್ರ ಮಳೆ, ಮುಂದಿನ ವಾರ ಹನ್ನೊಂದಕ್ಕೂ ಮಳೆ, ಆಮೇಲೆ ಹತ್ತಕ್ಕೂ. ಕಾಯುವವನ ಎದೆ ಹೊಡೆದುಕೊಳ್ಳಬೇಕು.

ಚಿತ್ರ ಬರೆಸಲು ಅಡ್ವಾನ್ಸ್ ಕೊಟ್ಟಿದ್ದೀನಿ ಅಂದೆಯಲ್ಲ, ಅದನ್ನು ಅಲ್ಲಿಗೇ ನಿಲ್ಲಿಸು. ಚಂದದ ಚಿತ್ರ ಬಂದಮೇಲೆ ಕೆಟ್ಟ ಕಾರ್ಡನ್ನು ಎಸೆಯಲು ಮನಸ್ಸೇ ಬರುವುದಿಲ್ಲ. ರಟ್ಟು, ಸ್ಕೆಚ್ ಪೆನ್ನು, ಹುಣಸೆ ಬೀಜ ಸಾಕು. ಆಡಲು ಕೂತವರಿಗೆ ನಿಯಮದ ಹಾಳೆ ಕೊಟ್ಟು ನೀನು ಸುಮ್ನೆ ಕೂರು. ತಪ್ಪು ಆಡಿದರೂ ತಿದ್ದಬೇಡ, ಎಲ್ಲಿ ತಪ್ಪಿದರು ಅಂತ ಬರೆದುಕೋ. ಡಬ್ಬಿಯ ಜೊತೆ ನೀನೂ ಎಲ್ಲರ ಮನೆಗೆ ಹೋಗಲು ಆಗುತ್ತಾ? ‘ಚೆನ್ನಾಗಿದೆ’ ಅನ್ನುವ ಮಾತನ್ನು ನಂಬಬೇಡ. ಯಾರು ಯಾವಾಗ ಮೊಬೈಲ್ ತೆಗೆದರು ಅಂತ ನೋಡು.

ಐಡಿಯಾ ಕದಿಯುತ್ತಾರೆ ಅಂತ ಹೆದರಿದ್ದೀಯ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಚಿತ್ರಕ್ಕೆ, ನೀನು ಬರೆದ ನಿಯಮದ ಬರಹಕ್ಕೆ ಕಾಪಿರೈಟ್ ಇದೆ, ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಬಹುದು. ಅದಕ್ಕೆ ಹೆದರಿ ಯಾರಿಗೂ ತೋರಿಸದೆ ಕೂತರೆ ಆಟ ಸುಧಾರಿಸುವುದೇ ಇಲ್ಲ.

ಕೆಲಸ ಬಿಡುವ ಮಾತು ಈಗ ಬೇಡ. 1995ರಲ್ಲಿ ‘ಕಟಾನ್’ ಅನ್ನುವ ಬೋರ್ಡ್ ಗೇಮ್ ತಂದ ಜರ್ಮನಿಯ ಕ್ಲೌಸ್ ಟಾಯ್ಬರ್ ಹಲ್ಲಿನ ಸೆಟ್ ಮಾಡುವ ಲ್ಯಾಬ್ ನಡೆಸುತ್ತಿದ್ದವರು. ಆಟ ಅಷ್ಟು ಹೆಸರು ಮಾಡಿದ ಮೇಲೂ ಅವರು ಕೂಡಲೇ ಲ್ಯಾಬ್ ಬಿಡಲಿಲ್ಲ.

ಭಾನುವಾರ ಚಿಕ್ಕಮಗಳೂರಿನಿಂದ ಬೆಳಗ್ಗೆಯ ಬಸ್ ಹಿಡಿ. ಅಕ್ಕನ ಮಕ್ಕಳು ಬಂದಿರುತ್ತಾರೆ. ನಿನ್ನ ಮುಖ ನೋಡಿ ಹೊಗಳುವ ಪೈಕಿ ಅಲ್ಲ ಅವರು. ರಟ್ಟು ನಮ್ಮ ಮನೆಯಲ್ಲಿದೆ, ಎರಡು ದಾಳ ಮಾತ್ರ ತಾ.

ನಿನ್ನ ಗೆಳೆಯ