ಗೆದ್ದವನ ಮುಖ ನೋಡು

ಪುಟ್ಟಿ,

ನಿನ್ನೆ ಟಿವಿಯ ಕುಸ್ತಿಯಲ್ಲಿ ನಿನ್ನ ಮೆಚ್ಚಿನ ಹುಡುಗ ಸೋಲುತ್ತಿದ್ದಂತೆ ಎದ್ದು ಹೋಗಿ ದಡಾರನೆ ಬಾಗಿಲು ಹಾಕಿಕೊಂಡೆ. "ಎಲ್ಲ ಮೊದಲೇ ಗೊತ್ತುಮಾಡಿದ ಆಟ ತಾನೇ? ಆ ಮುದುಕನಿಗೆ ಇನ್ನೆಷ್ಟು ಗೆಲುವು ಬೇಕಂತೆ?" ಎಂದೆಯಲ್ಲ, ಅದಕ್ಕೇ ಈ ಕಾಗದ.

1997ರ ಮಾರ್ಚ್ 23, ಶಿಕಾಗೊ ಪಕ್ಕದ ರೋಸ್‌ಮಾಂಟ್‌ನಲ್ಲಿ ರೆಸಲ್‌ಮೇನಿಯಾ 13, ಈ ಟಿವಿ ಕುಸ್ತಿಯ ವರ್ಷದ ದೊಡ್ಡ ಮೇಳ. ಒಂದು ಕಡೆ ನಾಲ್ಕು ಸಲ ಚಾಂಪಿಯನ್ ಆಗಿದ್ದ ಬ್ರೆಟ್ ಹಾರ್ಟ್. ಎದುರಿಗೆ ಸ್ಟೀವ್ ಆಸ್ಟಿನ್, ಕಥೆಯ ಪ್ರಕಾರ ಖಳ. ಸಬ್‌ಮಿಷನ್ ಪಂದ್ಯ: ಭುಜ ನೆಲಕ್ಕೊತ್ತಿ ಮೂರೆಣಿಸಿ ಗೆಲ್ಲುವ ಪಿನ್ ಇಲ್ಲ, ಎದುರಾಳಿಯ ಬಾಯಲ್ಲಿ 'ಸಾಕು' ಅನ್ನಿಸಬೇಕು. ಪ್ರೇಕ್ಷಕರ ನಡುವೆಯೆಲ್ಲ ಬಡಿದಾಡಿ ಬಂದು, ಕೊನೆಗೆ ಬ್ರೆಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕಿದ. ಕಾಲೆರಡನ್ನೂ ಹೆಣೆದು, ಬೋರಲು ಮಲಗಿಸಿ, ಬೆನ್ನು ಮುರಿಯುವ ಹಾಗೆ ಹಿಂದಕ್ಕೆ ಬಗ್ಗಿಸುವ ಪಟ್ಟು ಅದು. ಆಸ್ಟಿನ್‌ನ ಹಣೆಯಿಂದ ಇಳಿದ ರಕ್ತ ಹಲ್ಲಿನ ಸಂದಿಯಲ್ಲೆಲ್ಲ ತುಂಬಿತ್ತು. (ಆಟ ಗೊತ್ತುಮಾಡಿದ್ದು, ರಕ್ತ ಮಾತ್ರ ನಿಜದ್ದು.) ಒಮ್ಮೆ ಎರಡೂ ಕೈಯೂರಿ ಮೇಲೆದ್ದ, ಪಟ್ಟು ಬಿಟ್ಟೇಹೋಯಿತು ಅನ್ನಿಸಿತು. ಬ್ರೆಟ್ ಮತ್ತೆ ಬಿಗಿದ. ಆಸ್ಟಿನ್ ಎಚ್ಚರ ತಪ್ಪಿದ. ರೆಫರಿ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸಿದ. 'ಸಾಕು' ಎಂಬ ಮಾತು ಮಾತ್ರ ಬರಲೇ ಇಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಒಳ್ಳೆಯ ಪಂದ್ಯ, ಅಷ್ಟೆ. ಬ್ರೆಟ್ ಬಿದ್ದವನ ಮೇಲೆ ಮತ್ತೆ ಬಿದ್ದ. ಜನ ಛೀ ಥೂ ಅಂದರು. ಆಸ್ಟಿನ್ ಎದ್ದವನು, ಕೈಹಿಡಿಯಲು ಬಂದ ಇನ್ನೊಬ್ಬ ರೆಫರಿಗೇ ತನ್ನ ಹೆಸರುವಾಸಿ ಪಟ್ಟು ಸ್ಟನ್ನರ್ ಕೊಟ್ಟು, ಕುಂಟುತ್ತ ತಾನೇ ನಡೆದು ಹೋದ. ಜನ ಅವನ ಹೆಸರು ಕೂಗುತ್ತಿದ್ದರು. ಗೆದ್ದವನು ವರ್ಷಗಟ್ಟಲೆ ಕೂಡಿಟ್ಟ ಪ್ರೀತಿಯನ್ನು ಒಂದೇ ರಾತ್ರಿಯಲ್ಲಿ ಸೋತವನ ಉಡಿಗೆ ಸುರಿದಿದ್ದ. ಬ್ರೆಟ್ ಸುಮ್ಮನೆ ಪಿನ್ ಆಗಿ ಮಲಗಿಕೊಟ್ಟಿದ್ದರೆ ಆಸ್ಟಿನ್‌ಗೆ ಇದರ ಅರ್ಧದಷ್ಟೂ ಸಿಗುತ್ತಿರಲಿಲ್ಲ. ಮರುವರ್ಷ ಮಾರ್ಚ್ 29ರಂದು ಬಾಸ್ಟನ್‌ನಲ್ಲಿ ಶಾನ್ ಮೈಕಲ್ಸ್‌ನನ್ನು ಸೋಲಿಸಿ ಆಸ್ಟಿನ್ ಚಾಂಪಿಯನ್ ಆದ.

2002ರ ಜುಲೈನಲ್ಲಿ ಜೆಫ್ ಹಾರ್ಡಿ ಏಣಿ ಪಂದ್ಯದಲ್ಲಿ (ಮೇಲೆ ತೂಗುಹಾಕಿದ ಬೆಲ್ಟನ್ನು ಏಣಿ ಹತ್ತಿ ಕಿತ್ತುಕೊಂಡವನು ಗೆದ್ದ) ಅಂಡರ್‌ಟೇಕರ್‌ಗೆ ಸೋತಾಗಲೂ ಹೀಗೇ. ಬಿದ್ದಲ್ಲಿಂದಲೇ ಹುಡುಗ ಕೆಣಕುತ್ತಿದ್ದ; ಹೊರಟಿದ್ದ ಹಿರಿಯ ತಿರುಗಿ ಬಂದು, ಹೊಡೆಯುವ ಬದಲು ಅವನ ಕೈ ಎತ್ತಿ ಹಿಡಿದ.

ಎಲ್ಲ ಸೋಲೂ ಹೀಗಲ್ಲ, ಒಪ್ಪುತ್ತೇನೆ. ಎರಡೇ ನಿಮಿಷದಲ್ಲಿ ಒರೆಸಿಹಾಕಿ, ಮರುವಾರ ಅದರ ಮಾತೇ ಎತ್ತದಿದ್ದರೆ ಹುಡುಗನ ಕಥೆ ಮುಗಿಯಿತು. ಅಂಥ ಹಿರಿಯರೂ ಇದ್ದಾರೆ, ಅವರನ್ನು ಬೇಕಾದಷ್ಟು ಬೈಯಿ, ನಾನೂ ಜೊತೆಗೂಡುತ್ತೇನೆ.

ನಿನ್ನೆಯದನ್ನು ರೆಕಾರ್ಡ್ ಮಾಡಿಟ್ಟಿದ್ದೇನೆ. ನೀನು ಎದ್ದು ಹೋದ ಮೇಲೆ ಇನ್ನೂ ನಾಲ್ಕು ನಿಮಿಷ ಇತ್ತು. ಗಂಟೆ ಹೊಡೆದ ಮೇಲೂ ಆ ಮುದುಕ ಹಗ್ಗ ಹಿಡಿದು ಏದುಸಿರು ಬಿಡುತ್ತ, ನಿನ್ನ ಹುಡುಗ ಎದ್ದನೋ ಏನೋ ಎಂದು ಹಿಂದೆ ನೋಡುತ್ತಲೇ ಇದ್ದ. ಊಟ ಆದ ಮೇಲೆ ಬಾ, ಇಬ್ಬರೂ ನೋಡೋಣ.

ನಿನ್ನ
ಅಪ್ಪ